ನೆಟೆ ರೋಗದ ಸುದ್ದಿಯನ್ನು ಯಾರು ಬರೆಯಬೇಕು?

2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿ, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಕಲಬುರಗಿ ಜಿಲ್ಲೆಯ ಎರೆ ಹೊಲಗಳಲ್ಲಿ ನಿಂತಲ್ಲೇ ಒಣಗಿತು. ಲಕ್ಷಕ್ಕೂ ಮಿಕ್ಕ ಹೆಕ್ಟೇರ್ ಬೆಳೆ ಕೈಗೆ ಹತ್ತಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ವಾರಗಟ್ಟಲೆ ಸುದ್ದಿ ಬಂತು. ಅದರಲ್ಲಿ ಹೆಚ್ಚಿನ ಪಾಲು ಹಾನಿಯ ಲೆಕ್ಕ, ಪರಿಹಾರದ ಬೇಡಿಕೆ, ಮಂತ್ರಿ–ಶಾಸಕರ ಹೊಲ ಭೇಟಿ. ಗಿಡ ಯಾಕೆ ಒಣಗಿತು ಎಂಬುದಕ್ಕೆ ‘ನೆಟೆ ರೋಗ’ ಎಂದು ಹೇಳಿ ಮುಂದೆ ಹೋಗುವುದೇ ರೂಢಿಯಾಯಿತು. ಆದರೆ ರಸ್ತೆ ಮೇಲೆ ನಿಂತು ನೋಡುವವರಿಗೆ ಒಂದೇ ಥರ ಕಾಣುವ ಈ ಒಣಗುವಿಕೆಗೆ ಕಾರಣ ಒಂದೇ ಆಗಿರಬೇಕೆಂದಿಲ್ಲ. ಬುಡದ ಹತ್ತಿರ ಸಿಪ್ಪೆ ಹೆರೆದು ಕಾಂಡ ಸೀಳಿದಾಗ ಒಳಗೆ ಕಂದುಗಪ್ಪು ಗೆರೆ ಮೇಲಕ್ಕೆ ಏರಿದ್ದರೆ, ಹೊರಗೆ ಬುಡದಿಂದ ನೇರಳೆ ಪಟ್ಟಿ ಎದ್ದಿದ್ದರೆ, ಅದು ಫ್ಯುಸೇರಿಯಂ ಶಿಲೀಂಧ್ರ ತರುವ ನೆಟೆ. ಬೇರು ಕೊಳೆತು, ಜಗ್ಗಿದರೆ ಪಟ್ಟನೆ ಮುರಿದು ಬಂದರೆ ಅದು ಒಣ ಬೇರು ಕೊಳೆ. ಅದರ ಶಿಲೀಂಧ್ರವೇ ಬೇರೆ, ಅದು ಬಲಿಯುವುದು ನೆಲ ಒಣಗಿ ಬಿಸಿ ಏರಿದಾಗ. ನೀರು ನಿಂತ ಹೊಲದಲ್ಲಿ ಬರುವ ಫೈಟಾಫ್ಥೊರಾ ಇನ್ನೊಂದು. ಮುಂದಿನ ವರ್ಷ ರೈತ ಏನು ಮಾಡಬೇಕು ಎಂಬುದು ಇವುಗಳಲ್ಲಿ ಯಾವುದು ಬಂದಿತ್ತು ಎಂಬುದರ ಮೇಲೆ ನಿಂತಿದೆ. ಒಂದು ಚಾಕು ಹಿಡಿದು ಹೊಲಕ್ಕಿಳಿದು, ಕಲಬುರಗಿಯ ಆಳಂದ ರಸ್ತೆಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅರ್ಧ ದಿನ ಕೂತು ಬಂದರೆ ಬರೆಯಬಹುದಾದ ಸುದ್ದಿ ಇದು.

ಇಂಥ ಸುದ್ದಿಯನ್ನು ಬರೆಯಬೇಕಾದವರು ಯಾರು ಎಂಬ ವಾದ ಕನ್ನಡದಲ್ಲಿ ಸುಮಾರು ನೂರು ವರ್ಷಗಳಿಂದ ನಡೆದಿದೆ. ವಿಜ್ಞಾನಿಯೇ, ವಿಚಾರವಾದಿ ಕಾರ್ಯಕರ್ತನೇ, ರೈತನೇ, ಅಥವಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ ಹೊರಬಂದ ಹುಡುಗ ಹುಡುಗಿಯರೇ? ಕಲಬುರಗಿಯಲ್ಲಿ ಈ ಕೊನೆಯ ಪ್ರಶ್ನೆಗೆ ತೂಕ ಹೆಚ್ಚು. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲೂ ಶರಣಬಸವ ವಿಶ್ವವಿದ್ಯಾಲಯದಲ್ಲೂ ಪತ್ರಿಕೋದ್ಯಮ ಕಲಿಸುತ್ತಾರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೇಂದ್ರಗಳೂ ಜಿಲ್ಲೆಯೊಳಗೇ ಇವೆ. ಸುದ್ದಿಯೂ ಪರಿಣತರೂ ವಿದ್ಯಾರ್ಥಿಗಳೂ ಒಂದೇ ಬಸ್ಸಿನ ದಾರಿಯಲ್ಲಿರುವಾಗ ತಾಲ್ಲೂಕಿನ ವಿಜ್ಞಾನ ಪತ್ರಿಕೋದ್ಯಮ ಯಾಕೆ ಬೆಳೆದಿಲ್ಲ? ಈ ಕ್ಷೇತ್ರದ ನಾಲ್ಕು ಪಂಥಗಳು ಕೊಡುವ ಉತ್ತರಗಳಲ್ಲಿ ನಾಲ್ಕನೆಯದರ ಕಡೆಗೆ ಈ ಲೇಖನ ವಾಲುತ್ತದೆ, ಆದರೆ ಉಳಿದ ಮೂರನ್ನು ಬಿಟ್ಟು ಅದು ನಿಲ್ಲಲಾರದು ಎಂಬ ಷರತ್ತಿನ ಮೇಲೆ.

ಒಂದಕ್ಕೊಂದು ಪರಿಚಯವಿಲ್ಲದ ಎರಡು ಪರಂಪರೆ

ಕನ್ನಡದಲ್ಲಿ ವಿಜ್ಞಾನ ಬರೆದವರು ಹೆಚ್ಚಾಗಿ ವಿಜ್ಞಾನದ ಮೇಷ್ಟ್ರುಗಳು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆಮೇಲೆ ಬಿ.ಜಿ.ಎಲ್. ಸ್ವಾಮಿ, ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಬಂದರು. 1978ರಲ್ಲಿ ‘ಬಾಲವಿಜ್ಞಾನ’ ಶುರುವಾಯಿತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಕಾಲೇಜು ಮೆಟ್ಟಿಲು ಹತ್ತಿ ವಿಜ್ಞಾನ ಕಲಿಯದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದು ಈ ಸಾಲಿಗೆ ಹೊರಗಿನಿಂದ ಬಂದು ಸೇರಿದರು. ಪತ್ರಿಕೋದ್ಯಮ ಶಿಕ್ಷಣದ ದಾರಿ ಬೇರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಶುರುವಾದ ಅದು ಕಲಾ ವಿಭಾಗದ ಕೂಸು. ರಾಜಕೀಯ ಚರಿತ್ರೆ, ಭಾಷೆ, ಪತ್ರಿಕಾ ಕಾನೂನು ಅದರ ಬಂಡವಾಳ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಕಲಬುರಗಿಯ ಸಂಸ್ಥೆ 1980ರಲ್ಲಿ ಸ್ವತಂತ್ರ ಗುಲ್ಬರ್ಗ ವಿಶ್ವವಿದ್ಯಾಲಯವಾದ ಮೇಲೂ ಒಂದೇ ಆವರಣದಲ್ಲಿ ಸಸ್ಯಶಾಸ್ತ್ರದವರೂ ಪತ್ರಿಕೋದ್ಯಮದವರೂ ಬೇರೆ ಬೇರೆ ಕಟ್ಟಡಗಳಲ್ಲಿ ಉಳಿದರು. ಎರಡೂ ಪರಂಪರೆ ಒಬ್ಬರಲ್ಲೇ ಕೂಡಿದ ನಿದರ್ಶನಗಳು ಬೆರಳೆಣಿಕೆಯಷ್ಟು. ವಿಜ್ಞಾನ ಓದಿ ಪತ್ರಕರ್ತರಾದ ನಾಗೇಶ ಹೆಗಡೆ ಅಂಥವರಲ್ಲಿ ಮೊದಲು ನೆನಪಾಗುವ ಹೆಸರು.

ಕರ್ನಾಟಕದ ಹೊರಗೆ ಈ ಬೆಸುಗೆಯನ್ನು ಹಾಕಿದ್ದು ವಿಶ್ವವಿದ್ಯಾಲಯಗಳೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕೇಂದ್ರದಲ್ಲಿ 1980ರ ದಶಕದ ಆರಂಭದಿಂದ, ವಿಜ್ಞಾನ ಪದವಿ ಪಡೆದವರನ್ನೇ ಆರಿಸಿಕೊಂಡು ವರದಿಗಾರರನ್ನಾಗಿ ಪಳಗಿಸುವ ಕೋರ್ಸು ನಡೆದಿದೆ. ಅಲ್ಲಿನ ವಿದ್ಯಾರ್ಥಿಗಳು ಓದುವಾಗಲೇ ಸುತ್ತಲಿನ ಊರುಗಳ ಪತ್ರಿಕೆಗಳಿಗೆ ಬರೆಯುತ್ತಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ತಮ್ಮದೇ ಪ್ರಕಟಣೆ ಇದೆ. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಲ್ಲಿ ವಿಜ್ಞಾನ ಪತ್ರಿಕೋದ್ಯಮ ಕಲಿಸುತ್ತಾರೆ, ಆದರೆ ಇಂಗ್ಲಿಷಿನಲ್ಲಿ. ಅಲ್ಲಿ ಕಲಿತವರು ಜೇವರ್ಗಿಗೆ ವಾಪಸ್ ಬರುವುದು ಅಪರೂಪವೇ ಸರಿ.

ತಿಳಿದವರು ತಿಳಿಸಲಿ

ಮೊದಲ ಪಂಥದ ನಂಬಿಕೆ ಸರಳ: ಜನರಿಗೆ ತಿಳಿವಳಿಕೆಯ ಕೊರತೆ ಇದೆ, ವಿಜ್ಞಾನಿ ತಿಳಿಗನ್ನಡದಲ್ಲಿ ಹೇಳಿದರೆ ಅದು ನೀಗುತ್ತದೆ. ಈ ನಂಬಿಕೆಯ ಒಂದು ದೊಡ್ಡ ಪ್ರಯೋಗ ಇದೇ ಸೀಮೆಯಲ್ಲೂ ನಡೆಯಿತು ಎಂಬುದನ್ನು ನಾವು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೇವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮ ಬರುತ್ತಿದ್ದವು. ಬೆಂಗಳೂರಿನಲ್ಲಿ ಇನ್ನೂ ಟಿ.ವಿ. ಕೇಂದ್ರ ಇಲ್ಲದ ಕಾಲದಲ್ಲಿ ಇಲ್ಲಿಯ ಹಳ್ಳಿಗರು ಟಿ.ವಿ. ನೋಡಿದರು. ಆದರೆ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತಿತ್ತು, ಹಳ್ಳಿಯವರ ಪ್ರಶ್ನೆ ತಿರುಗಿ ಹೋಗಲು ತಂತಿ ಇರಲಿಲ್ಲ. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಅಮೆರಿಕದವರು ವಾಪಸ್ ಒಯ್ದರು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನದ ಪ್ರಸಾರ ಕೇಂದ್ರ ಬಂತು.

ಈ ಪಂಥವನ್ನು ಹಗುರವಾಗಿ ಕಾಣುವುದು ಈಗ ಫ್ಯಾಷನ್. ಅದು ಸರಿಯಲ್ಲ. ಪರಿಭಾಷೆ ಕಟ್ಟಿದ್ದು, ಹೈಸ್ಕೂಲು ಹುಡುಗರ ಕೈಗೆ ಕನ್ನಡದ ವಿಜ್ಞಾನ ಪುಸ್ತಕ ಇಟ್ಟದ್ದು ಇವರೇ. ಕೊಳ್ಳೇಗಾಲ ಶರ್ಮರ ‘ಜಾಣಸುದ್ದಿ’ಯ ಧ್ವನಿಮುದ್ರಿಕೆಗಳು, ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’ ಇದೇ ಪರಂಪರೆಯ ಇಂದಿನ ಒಳ್ಳೆಯ ಫಲ. ಇವರ ವಿಧಾನ ಸೋಲುವುದು ವಿಜ್ಞಾನಿಗಳಿಗೇ ಉತ್ತರ ಖಚಿತವಿಲ್ಲದ ಕಡೆ, ಅಥವಾ ಉತ್ತರ ಊರಿಂದ ಊರಿಗೆ ಬದಲಾಗುವ ಕಡೆ. ‘ಮಾರುತಿ’ ತಳಿ ನೆಟೆ ತಡೆಯುತ್ತದೆ ಎಂದು 1980ರ ದಶಕದಿಂದ ಹೇಳುತ್ತ ಬಂದದ್ದು ನಿಜವೇ. ಅದೇ ಹೊಲದಲ್ಲಿ ವರ್ಷವರ್ಷ ತೊಗರಿ ಮೇಲೆ ತೊಗರಿ ಬಿತ್ತಿ, ಬೀಜೋಪಚಾರ ಬಿಟ್ಟು, ಮಳೆ ಒಮ್ಮೆ ಸುರಿದು ಒಮ್ಮೆ ಕೈಕೊಟ್ಟ ವರ್ಷದಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಗನ್ನಡದ ಯಾವ ಪಾಠವೂ ಮುಂಚೆ ಬರೆದಿಡಲಾಗದು. ಅದನ್ನು ಹೋಗಿ ನೋಡಿ ಬರೆಯಬೇಕು.

ಮೂಢನಂಬಿಕೆಯ ಎದುರು

ಎರಡನೆಯ ಪಂಥಕ್ಕೆ ಮುಖ್ಯ ಮಾಹಿತಿಯಲ್ಲ, ಮನೋಭಾವ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಕರ್ತವ್ಯಗಳ ಸಾಲಿಗೆ ಸೇರಿಸಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ವಿಶ್ವವಿದ್ಯಾಲಯವೊಂದು ಸಾರ್ವಜನಿಕವಾಗಿ ‘ಪರೀಕ್ಷೆಗೆ ಬನ್ನಿ’ ಎಂದು ಕರೆದ ಅಪರೂಪದ ಸಂದರ್ಭ ಅದು. ಈ ಪಂಥದ ಅಗತ್ಯವನ್ನು ಕಲಬುರಗಿಯಷ್ಟು ಕಟುವಾಗಿ ಬೇರಾವ ಜಿಲ್ಲೆಯೂ ತೋರಿಸಿಲ್ಲವೇನೋ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಸೌರ ಕನ್ನಡಕ ಹಿಡಿದು ಸೂರ್ಯನ ಉಂಗುರ ನೋಡುತ್ತಿದ್ದರೆ, ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಅಂಗ ಸರಿಹೋಗುತ್ತದೆ ಎಂಬುದು ನಂಬಿಕೆ. ಚಿತ್ರ ದೇಶದ ತುಂಬ ಓಡಾಡಿತು. ಕರ್ನಾಟಕದ ಅಮಾನವೀಯ ಆಚರಣೆಗಳ ತಡೆ ಕಾಯ್ದೆ ಜಾರಿಗೆ ಬಂದದ್ದು ಮುಂದಿನ ತಿಂಗಳು.

ಆ ಚಿತ್ರ ಸುದ್ದಿಯಾದದ್ದು ಸರಿ, ಅದರಿಂದ ನಿಂತ ಕೆಡುಕೂ ಇದ್ದೀತು. ಆದರೆ ‘ಮೌಢ್ಯ’ ಎಂಬ ಶೀರ್ಷಿಕೆ ಹಾಕಿದ ಮೇಲೆ ಕೇಳಬೇಕಾಗಿದ್ದ ಪ್ರಶ್ನೆ ಕೇಳದೆ ಉಳಿಯಿತು. ಆ ತಾಯಂದಿರು ಮಗುವನ್ನು ಮಣ್ಣಿಗೆ ಇಳಿಸುವ ಮೊದಲು ಯಾವ ಆಸ್ಪತ್ರೆಗೆ ಹೋಗಿದ್ದರು? ಅಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ? ಫಿಸಿಯೋಥೆರಪಿ ಎಷ್ಟು ದೂರದಲ್ಲಿತ್ತು? ಅದನ್ನು ಬರೆಯದೆ ಗ್ರಹಣದ ಖಗೋಳಶಾಸ್ತ್ರ ಮಾತ್ರ ಬರೆದರೆ ತಾಯಂದಿರ ಸಮಸ್ಯೆಗೂ ಬರಹಕ್ಕೂ ಸಂಬಂಧವೇ ಇರುವುದಿಲ್ಲ. ವಿಜ್ಞಾನಿ–ಚಿಂತಕರ ಗುಂಪೊಂದು 1981ರಲ್ಲಿ ಹೊರಡಿಸಿದ ವೈಜ್ಞಾನಿಕ ಮನೋಭಾವದ ಹೇಳಿಕೆಗೆ ಸಮಾಜಚಿಂತಕ ಆಶಿಶ್ ನಂದಿ ಎತ್ತಿದ ತಕರಾರಿನ ತಿರುಳೂ ಇಲ್ಲೇ ಹತ್ತಿರ ಬರುತ್ತದೆ: ವಿಜ್ಞಾನದ ಹೆಸರಿನಲ್ಲಿ ಮಾತಾಡುವವರು ಜನರ ಬದುಕನ್ನು ಮೇಲಿನಿಂದ ನಿಂತು ತೀರ್ಮಾನಿಸುತ್ತಾರೆ ಎಂಬುದು. ನಂದಿಯವರ ವಾದವನ್ನು ಪೂರ್ತಿ ಒಪ್ಪಿದರೆ ಮಣ್ಣಲ್ಲಿ ಹೂತ ಮಗುವಿನ ಪರ ನಿಲ್ಲಲು ನೆಲೆಯೇ ಸಿಗದು. ಪೂರ್ತಿ ತಳ್ಳಿಹಾಕಿದರೆ ವರದಿಗಾರ ಬೈಯುವವನಾಗಿ ಉಳಿಯುತ್ತಾನೆ.

ರೈತರ ಕೈಯಲ್ಲಿ ಲೇಖನಿ

ಮೂರನೆಯ ಪಂಥ ಕನ್ನಡದ ಸ್ವಂತ ಕೊಡುಗೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆ, ಕೃಷಿಯ ಬಗ್ಗೆ ಕೃಷಿಕರೇ ಬರೆಯಬೇಕು ಎಂದು ಪಟ್ಟು ಹಿಡಿದು, ಶಿಬಿರಗಳಲ್ಲಿ ರೈತರಿಗೆ ಬರೆಯಲು ಕಲಿಸಿದರು. ಪತ್ರಿಕೆ ಇಂದಿಗೂ ಬರುತ್ತಿರುವುದು ಆ ಹಟ ಹುಸಿಯಲ್ಲ ಎನ್ನುವುದಕ್ಕೆ ಸಾಕ್ಷಿ. ಇದರ ತಾತ್ವಿಕ ಬಲವನ್ನು ಹೊರಗೆ ಒದಗಿಸಿದ್ದು ಬ್ರಿಟನ್ನಿನ ಸಮಾಜವಿಜ್ಞಾನಿ ಬ್ರಯಾನ್ ವಿನ್ ಅಲ್ಲಿನ ಕುರಿಗಾರರ ಬಗ್ಗೆ ಮಾಡಿದ ಅಧ್ಯಯನ. 1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣದ ಸೀಸಿಯಂ ಕಂಬ್ರಿಯಾದ ಗುಡ್ಡಗಳ ಮೇಲೆ ಮಳೆಯಾಗಿ ಬಿತ್ತು, ಕುರಿ ಮಾರಾಟಕ್ಕೆ ತಡೆ ಬಂತು. ಮೂರು ವಾರದಲ್ಲಿ ಸರಿಹೋಗುತ್ತದೆ ಎಂದರು ವಿಜ್ಞಾನಿಗಳು. ಅವರ ಲೆಕ್ಕ ಜೇಡಿ ಮಣ್ಣಿನದು, ಅಲ್ಲಿದ್ದದ್ದು ಹುಳಿ ಗುಣದ ಸಸ್ಯಕೊಳೆ ಮಣ್ಣು, ಸೀಸಿಯಂ ಅದರಿಂದ ಮತ್ತೆ ಮತ್ತೆ ಹುಲ್ಲಿಗೆ ಏರುತ್ತಿತ್ತು. ಕೊನೆಯ ನಿರ್ಬಂಧ ತೆರವಾದದ್ದು 2012ರಲ್ಲಿ. ಗುಡ್ಡ, ಹುಲ್ಲು, ಕುರಿಗಳ ನಡೆ ಗೊತ್ತಿದ್ದ ರೈತರನ್ನು ಮೊದಲು ಯಾರೂ ಕೇಳಿರಲಿಲ್ಲ.

ತೊಗರಿ ಹೊಲದಲ್ಲೂ ಇದಕ್ಕೆ ಉದಾಹರಣೆ ಇದೆ. ಗಿಡದ ಕೆಳಗೆ ತಾಡಪಾಲು ಹಾಸಿ, ಗಿಡ ಅಲ್ಲಾಡಿಸಿ ಕೀಡಿ ಉದುರಿಸುವ ಪದ್ಧತಿ ರೈತರದ್ದು. 1990ರ ದಶಕದ ಕೊನೆಯಲ್ಲಿ ಕಾಯಿಕೊರಕ ಔಷಧಿಗೆ ಬಗ್ಗದೆ ಹೋದಾಗ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಅದನ್ನೇ ಪರೀಕ್ಷಿಸಿ ಇತರ ಕಡೆಯ ರೈತರಿಗೂ ಹೇಳಿದರು. ಜೋಳದ ಜತೆ ತೊಗರಿ ಬೆಳೆದರೆ ನೆಟೆ ಕಡಿಮೆಯಾಗುತ್ತದೆ ಎಂಬುದನ್ನೂ ಪಟಾನ್‌ಚೆರುವಿನ ಅದೇ ಸಂಸ್ಥೆಯ ಪ್ರಯೋಗಗಳು ತೋರಿಸಿದವು. ಮಿಶ್ರ ಬೆಳೆಯ ರೂಢಿ ಅದಕ್ಕಿಂತ ಎಷ್ಟೋ ಹಳೆಯದು. ಆದರೆ ಈ ಪಂಥಕ್ಕೂ ಒಂದು ಕುರುಡು ಮೂಲೆ ಇದೆ. ನೆಟೆಯನ್ನು ತೊಗರಿಯ ಶಿಲೀಂಧ್ರ ರೋಗವೆಂದು ಸಸ್ಯರೋಗ ತಜ್ಞ ಬಟ್ಲರ್ 1910ರ ಹೊತ್ತಿಗೇ ವಿವರಿಸಿದ್ದರೂ, ಬೇರಿನೊಳಗಿನ ಶಿಲೀಂಧ್ರ ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಹೊಲದ ಯಶಸ್ಸಿಗೆ ಔಷಧಿ ಕಾರಣವೋ ಆ ವರ್ಷದ ಮಳೆ ಕಾರಣವೋ ಎಂದು ಒಬ್ಬ ರೈತನ ಅನುಭವ ಬೇರ್ಪಡಿಸಲಾರದು. ‘ನಾನು ಹಾಕಿದೆ, ಬಂತು’ ಎಂಬ ಲೇಖನಗಳು ನಮ್ಮ ಕೃಷಿ ಪುರವಣಿಗಳಲ್ಲಿ ತುಂಬಿವೆ. ಹಾಕದ ಪಕ್ಕದ ಹೊಲದಲ್ಲಿ ಏನಾಯಿತು ಎಂದು ಕೇಳಿದವು ಎಷ್ಟಿವೆ?

‘ನಿಮಗೆ ಹೇಗೆ ಗೊತ್ತು?’ ಎಂದು ಕೇಳುವವರು

ಆ ಪಕ್ಕದ ಹೊಲದ ಪ್ರಶ್ನೆಯೇ ನಾಲ್ಕನೆಯ ಪಂಥದ ಉಸಿರು. ಇದರ ಪ್ರಕಾರ ವಿಜ್ಞಾನ ಪತ್ರಕರ್ತ ವಿಜ್ಞಾನದ ವಕೀಲನೂ ಅಲ್ಲ, ಅನುವಾದಕನೂ ಅಲ್ಲ. ವಿಜ್ಞಾನಿಯನ್ನೂ ಅಧಿಕಾರಿಯನ್ನೂ ರೈತನನ್ನೂ ಒಂದೇ ಅಳತೆಯಲ್ಲಿ ‘ನಿಮಗೆ ಇದು ಹೇಗೆ ಗೊತ್ತು?’ ಎಂದು ಕೇಳುವವನು. ಭೀಮಾ ನದಿ ಇದಕ್ಕೆ ಒಳ್ಳೆಯ ಪಾಠಶಾಲೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿ ದಂಡೆಯ ಊರುಗಳು ಮುಳುಗಿದವು. ಪತ್ರಿಕೆಗಳು ದಿನವೂ ‘ಇಷ್ಟು ಲಕ್ಷ ಕ್ಯುಸೆಕ್’ ಎಂದು ಬರೆದವು. ಆ ಲಕ್ಷ ಕ್ಯುಸೆಕ್ ಸೊನ್ನ ಬ್ಯಾರೇಜಿಗೆ ಎಷ್ಟು ಗಂಟೆಯಲ್ಲಿ ತಲುಪುತ್ತದೆ, ದೇವಲ ಗಾಣಗಾಪುರದಲ್ಲಿ ಅಮರ್ಜಾ ನದಿ ಸೇರಿದ ಮೇಲೆ ಎಷ್ಟು ಏರುತ್ತದೆ, ಯಾವ ಮಟ್ಟಕ್ಕೆ ಯಾವ ಊರಿನ ರಸ್ತೆ ಮುಚ್ಚುತ್ತದೆ ಎಂಬುದು ದಂಡೆಯವರಿಗೆ ಬೇಕಾದ ಲೆಕ್ಕ. ಇದಕ್ಕೆ ಜಲವಿಜ್ಞಾನದ ಪದವಿ ಬೇಡ, ಅಂಕಿಗೆ ಅಂಜದ ವರದಿಗಾರ ಬೇಕು. ಒಂದು ವರ್ಷ ಹುಚ್ಚುಹೊಳೆಯಾಗುವ ನದಿ ಇನ್ನೊಂದು ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಸಾಲದಂತೆ ಬತ್ತುತ್ತದೆ. ಆಗಲೂ ಸುದ್ದಿ ಧರಣಿಯಿಂದ ಶುರುವಾಗಿ ಮನವಿ ಪತ್ರದಲ್ಲಿ ಮುಗಿಯುತ್ತದೆ.

ಪತ್ರಿಕೋದ್ಯಮ ವಿದ್ಯಾರ್ಥಿಗಳು ಇಲ್ಲಿ ಉಳಿದವರಿಗಿಂತ ಹೆಚ್ಚು ಒದಗುವುದು ಅವರಿಗೆ ಕಾಲಾವಕಾಶ ಇರುವುದರಿಂದ. ತಾಲ್ಲೂಕಿನ ಬಿಡಿ ವರದಿಗಾರ ದಿನಕ್ಕೆ ನಾಲ್ಕಾರು ಸುದ್ದಿ ಕಳಿಸಬೇಕು, ಜಾಹೀರಾತನ್ನೂ ತರಬೇಕು. ಎಂ.ಎ. ವಿದ್ಯಾರ್ಥಿಗೆ ಎರಡು ಮುಂಗಾರು ಸಿಗುತ್ತವೆ. ಒಂದು ಹೊಲವನ್ನು ಬಿತ್ತನೆಯಿಂದ ರಾಶಿವರೆಗೆ ಎರಡು ವರ್ಷ ಹಿಂಬಾಲಿಸುವುದು ಯಾವ ದಿನಪತ್ರಿಕೆಗೂ ಕೈಗೆಟುಕದ ಐಷಾರಾಮ. ವಿಭಾಗದ ಪ್ರಾಯೋಗಿಕ ಪತ್ರಿಕೆಗಳನ್ನು ವಿದ್ಯಾರ್ಥಿಗಳಿಗೆ ಪುಟ ವಿನ್ಯಾಸ ಕಲಿಸಲೆಂದೇ ಬಳಸುವುದು ಈ ಅವಕಾಶದ ಪೋಲು. ಕಡಗಂಚಿಯಲ್ಲಿ ಭೂವಿಜ್ಞಾನ ವಿಭಾಗವಿದೆ, ಕಲಬುರಗಿಯಲ್ಲಿ ಆಕಾಶವಾಣಿಯೂ ‘ಅಂತರವಾಣಿ’ ಎಂಬ ಸಮುದಾಯ ಬಾನುಲಿಯೂ ಇವೆ. ಪ್ರಕಟಣೆಗೆ ಜಾಗವಿಲ್ಲ ಎಂಬ ನೆಪವೂ ಅಷ್ಟೇನೂ ಗಟ್ಟಿಯಲ್ಲ.

ಎದುರು ವಾದಗಳು

ಓದುಗರಿಗೆ ಇದು ಬೇಡ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಉತ್ತರ 2020ರ ಮಾರ್ಚ್ 10. ಅಂದು ಸಂಭವಿಸಿದ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು, ಸೋಂಕು ಖಚಿತವಾದದ್ದು ಎರಡು ದಿನದ ನಂತರ. ಜಿಲ್ಲೆಯ ವರದಿಗಾರರು ರಾತ್ರೋರಾತ್ರಿ ಗಂಟಲದ್ರವ ಪರೀಕ್ಷೆ, ಸಂಪರ್ಕ ಪತ್ತೆ, ಕ್ವಾರಂಟೈನ್ ಬಗ್ಗೆ ಬರೆಯಬೇಕಾಯಿತು. ಓದುಗರಿಗೆ ಇದು ಬೇಕೋ ಬೇಡವೋ ಎಂದು ಆಗ ಯಾರೂ ಕೇಳಲಿಲ್ಲ.

ಕಲಾ ವಿಭಾಗದಿಂದ ಬಂದವರಿಗೆ ವಿಜ್ಞಾನ ತಿಳಿಯದು ಎಂಬ ಆಕ್ಷೇಪ ಇನ್ನೂ ಗಂಭೀರ. ಅರ್ಧ ತಿಳಿದು ಬರೆದರೆ ಹಾನಿ ಎಂಬುದೂ ನಿಜ. ಆದರೆ ಕೋರ್ಟು ವರದಿಗಾರರೆಲ್ಲ ಕಾನೂನು ಪದವೀಧರರಲ್ಲ. ಅವರು ತೀರ್ಪು ಓದಲು, ವಕೀಲರಿಬ್ಬರನ್ನೂ ಕೇಳಲು ಕಲಿತಿರುತ್ತಾರೆ. ಹಾಗೆಯೇ ಇಲ್ಲಿಯೂ ಒಂದು ಸಂಶೋಧನಾ ಪ್ರಬಂಧದಲ್ಲಿ ಎಷ್ಟು ಗಿಡ, ಎಷ್ಟು ವರ್ಷ, ಯಾವುದರ ಜತೆ ಹೋಲಿಕೆ, ಹಣ ಯಾರದು ಎಂದು ಹುಡುಕುವುದನ್ನು ಒಂದು ಸೆಮಿಸ್ಟರಿನಲ್ಲಿ ಕಲಿಸಬಹುದು. ಕಷ್ಟ ಬೇರೆ ಕಡೆ ಇದೆ: ಪ್ರಬಂಧಗಳು ಇಂಗ್ಲಿಷಿನಲ್ಲಿರುತ್ತವೆ, ಹಲವಕ್ಕೆ ದುಡ್ಡು ಕೊಡಬೇಕು, ಸರ್ಕಾರಿ ಸಂಸ್ಥೆಯ ವಿಜ್ಞಾನಿ ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಮಾತಾಡಲು ಹಿಂಜರಿಯುತ್ತಾರೆ.

ಕೆಲಸ ಎಲ್ಲಿದೆ ಎಂಬ ಮೂರನೆಯ ಆಕ್ಷೇಪಕ್ಕೆ ನೆಮ್ಮದಿಯ ಉತ್ತರವಿಲ್ಲ. ಕನ್ನಡ ಪತ್ರಿಕೆಗಳ ಜಿಲ್ಲಾ ಕಚೇರಿಯಲ್ಲಿ ವಿಜ್ಞಾನಕ್ಕೆಂದೇ ವರದಿಗಾರನನ್ನು ಇಡುವ ಕಾಲ ಹತ್ತಿರವಿದೆ ಎಂದರೆ ವಿದ್ಯಾರ್ಥಿಗಳಿಗೆ ಸುಳ್ಳು ಹೇಳಿದಂತೆ. ಹಾಗಾಗಿಯೇ ಇದನ್ನು ಪ್ರತ್ಯೇಕ ಪುಟವೆಂದು ನೋಡದೆ, ಕೃಷಿ, ಆರೋಗ್ಯ, ನೀರಾವರಿ ವರದಿಗಾರರೆಲ್ಲರ ಕೈಯಲ್ಲೂ ಇರಬೇಕಾದ ವಿಧಾನವೆಂದು ಕಲಿಸುವುದು ಹೆಚ್ಚು ಪ್ರಾಮಾಣಿಕ.

ಇನ್ನೂ ತೀರ್ಮಾನವಾಗದ್ದು

ಖಚಿತವಿಲ್ಲದ ವಿಜ್ಞಾನವನ್ನು ಭಯದ ಹೊತ್ತಿನಲ್ಲಿ ಎಷ್ಟು ಹೇಳಬೇಕು ಎಂಬುದು ಮೊದಲನೆಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ ನಡುಗಿ ಸುಮಾರು 10,000 ಜನ ಸತ್ತಾಗ, ಗಟ್ಟಿ ಶಿಲೆಯ ನೆಲವಾದ್ದರಿಂದ ಇಲ್ಲಿ ದೊಡ್ಡ ಭೂಕಂಪವಾಗದು ಎಂಬ ಭರವಸೆಯೂ ಕುಸಿಯಿತು. ಆಳಂದದವರಿಗೆ ಅದು ಪಕ್ಕದ ಮನೆಯ ಸಾವು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು ಬಂದು ಮತ್ತೆ ಮತ್ತೆ ಅದುರಿದಾಗ ಜನ ಊರು ಬಿಟ್ಟರು, ಬಯಲಲ್ಲಿ ಮಲಗಿದರು. ಭಾರಿ ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದದ್ದು ಕಾರಣವಿರಬಹುದು, ದೊಡ್ಡ ಅಪಾಯವಿಲ್ಲ ಎಂದರು ತಜ್ಞರು. ‘ಇರಬಹುದು’ ಎಂಬುದನ್ನು ಹಾಗೆಯೇ ಬರೆದರೆ ಜನ ಇನ್ನಷ್ಟು ಹೆದರುತ್ತಾರೋ, ಅದನ್ನು ಬಿಟ್ಟು ಬರೆದರೆ ಮುಂದೊಂದು ದಿನ ನಂಬಿಕೆ ಹೋಗುತ್ತದೋ? ಎರಡೂ ಕಡೆಗೆ ಬಲವಾದ ವಾದಗಳಿವೆ.

ವಿಜ್ಞಾನ ಪದವೀಧರನಿಗೆ ವರದಿಗಾರಿಕೆ ಕಲಿಸುವುದು ಸುಲಭವೋ, ವರದಿಗಾರನಿಗೆ ವಿಜ್ಞಾನ ಕಲಿಸುವುದೋ ಎಂಬುದೂ ಇತ್ಯರ್ಥವಾಗಿಲ್ಲ. ಸಾಂತಾ ಕ್ರೂಜಿನ ಉತ್ತರ ಕಲಬುರಗಿಗೆ ಹೊಂದುತ್ತದೆಂದು ಹೇಳಲಾಗದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ತಳಿಯ, ಅದರ ‘ಪಲ್ಸ್ ಮ್ಯಾಜಿಕ್’ ಎಂಬ ಬೆಳೆ ಸಿಂಪಡಣೆಯಂಥ ಉತ್ಪನ್ನದ ಬಗ್ಗೆ ವಿದ್ಯಾರ್ಥಿ ಕಟುವಾಗಿ ಬರೆದರೆ ಅದನ್ನು ಅಚ್ಚು ಹಾಕುವ ಧೈರ್ಯ ಪತ್ರಿಕೋದ್ಯಮ ವಿಭಾಗಗಳಿಗೆ ಇದೆಯೇ? ಒಳ್ಳೆಯ ವರದಿ ಬಂದ ಮಾತ್ರಕ್ಕೆ ರೈತರು ತೊಗರಿ ಬಿಟ್ಟು ಜೋಳಕ್ಕೆ ತಿರುಗುತ್ತಾರೆಯೇ, ಅಥವಾ ಬೆಲೆಯೇ ಎಲ್ಲವನ್ನೂ ನಿರ್ಧರಿಸುತ್ತದೆಯೇ ಎಂಬುದನ್ನು ಅಳೆದು ನೋಡುವ ಕೆಲಸವೂ ಆಗಬೇಕಿದೆ. ಕನ್ನಡದ ಜತೆ ಉರ್ದು, ಮರಾಠಿ, ತೆಲುಗು ಮನೆಮಾತಾಗಿರುವ ಈ ತಾಲ್ಲೂಕುಗಳಲ್ಲಿ ಕನ್ನಡದ ವರದಿ ಎಷ್ಟು ಮನೆ ಮುಟ್ಟುತ್ತದೆ ಎಂಬ ಪ್ರಶ್ನೆಯೂ ಅದಕ್ಕೆ ಅಂಟಿಕೊಂಡಿದೆ. ಭೀಮೆಯ ವಿಷಯದಲ್ಲಂತೂ ಅಣೆಕಟ್ಟಿನ ಅಂಕಿ ಸೊಲ್ಲಾಪುರದ ಕಡೆ ಮರಾಠಿಯಲ್ಲಿದೆ, ಮುಳುಗುವ ಊರು ಅಫಜಲಪುರದ ಕಡೆ ಕನ್ನಡದಲ್ಲಿದೆ. ಎರಡೂ ದಂಡೆಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಕೂಡಿ ಒಂದು ನದಿಯನ್ನು ವರದಿ ಮಾಡಬಹುದೇ, ಮಾಡಿದರೆ ನೀರಿನ ಜಗಳದಲ್ಲಿ ಅವರವರ ರಾಜ್ಯದ ಓದುಗರು ಅದನ್ನು ಒಪ್ಪುತ್ತಾರೆಯೇ ಎಂಬುದು ಇನ್ನೂ ಕೈಹಾಕಿ ನೋಡಬೇಕಾದ ಪ್ರಯೋಗ.